ಜೀವವಿಜ್ಞಾನದಲ್ಲಿ ಪಿಎಚ್.ಡಿ.: ಬೆಂಗಳೂರಿನ ಸಂಸ್ಥೆಗಳಿಗೆ ಅರ್ಜಿ ಹಾಕುವ ಮುನ್ನ

ಎಂ.ಎಸ್ಸಿ. ಮುಗಿಸಿ ಮನೆಗೆ ಬಂದ ಮೇಲೆ ಪಿಎಚ್.ಡಿ. ಬಗ್ಗೆ ಯೋಚಿಸಲು ಕೂತರೆ ಒಂದು ವರ್ಷ ಕೈಬಿಟ್ಟಂತೆಯೇ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್ ಹೊತ್ತಿಗೆ ಅರ್ಜಿ ಕರೆಯುತ್ತದೆ, ಆಗಸ್ಟ್‌ನಲ್ಲಿ ತರಗತಿ ಶುರು. ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ಗೆ ದಾರಿಯಾದ ಜೀಬಿಲ್ಸ್ ಪರೀಕ್ಷೆ ಡಿಸೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ. ಸಂಶೋಧನಾ ಫೆಲೋಶಿಪ್‌ಗೆ ಅರ್ಹತೆ ಕೊಡುವ ರಾಷ್ಟ್ರಮಟ್ಟದ ಪರೀಕ್ಷೆಯಾದ ಸಿಎಸ್ಐಆರ್ ನೆಟ್‌ಗೆ ಜೂನ್ ಮತ್ತು ಡಿಸೆಂಬರ್ ಹೆಸರಿನ ಎರಡು ಸರದಿ. ದಿನಾಂಕ ಜಾರುವುದು ಮಾಮೂಲು. ಆದ್ದರಿಂದ ತಯಾರಿ ಎಂ.ಎಸ್ಸಿ. ಮೂರನೇ ಸೆಮಿಸ್ಟರಿನಲ್ಲೇ ಶುರುವಾಗಬೇಕು.

ನೆಟ್ ಲೈಫ್ ಸೈನ್ಸಸ್ ಮೂರು ಗಂಟೆಯ, 200 ಅಂಕದ ಪರೀಕ್ಷೆ. ಎ ಭಾಗದಲ್ಲಿ 20ಕ್ಕೆ 15, ಬಿ ಭಾಗದಲ್ಲಿ 50ಕ್ಕೆ 35, ಸಿ ಭಾಗದಲ್ಲಿ 75ಕ್ಕೆ 25 ಪ್ರಶ್ನೆ ಬಿಡಿಸಿದರೆ ಸಾಕು. ಸಿ ಭಾಗದ ಒಂದೊಂದಕ್ಕೂ 4 ಅಂಕ, ತಪ್ಪಿದರೆ 1 ಕಳೆಯುತ್ತಾರೆ. ಫೆಲೋಶಿಪ್ ಸಿಗುವುದೂ ತಪ್ಪುವುದೂ ಇಲ್ಲೇ. ಪಠ್ಯಕ್ರಮದ 13 ಘಟಕಗಳನ್ನೂ ಅರೆಬರೆ ಓದುವವರು ಸಿ ಭಾಗದಲ್ಲಿ ಎಡವುತ್ತಾರೆ. ಬಯೋಮೆಡಿಕಲ್ ಕಡೆಗೆ ಹೋಗುವವರು ಅಣುಜೀವವಿಜ್ಞಾನ, ಸೆಲ್ ಸಿಗ್ನಲಿಂಗ್ ಮತ್ತು ಇಮ್ಯುನಾಲಜಿ, ಪ್ರಾಣಿಶರೀರಕ್ರಿಯೆ, ತಳಿವಿಜ್ಞಾನ, ಕೊನೆಯ ಘಟಕವಾದ ಪ್ರಯೋಗವಿಧಾನಗಳು, ಇಷ್ಟನ್ನು ಆಳವಾಗಿ ಓದಿ ಸಸ್ಯಶರೀರಕ್ರಿಯೆಯನ್ನು ಬಿಟ್ಟರೂ ನಡೆಯುತ್ತದೆ.

ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದ ಮೇಲೆ 42,000. ಇದು 2023ರ ಜನವರಿಯಿಂದ ಜಾರಿಯಲ್ಲಿರುವ ದರ. ಬರೀ 'ಪಿಎಚ್.ಡಿ. ಪ್ರವೇಶ' ಅರ್ಹತೆ ಬಂದರೆ ಆ ಪರೀಕ್ಷೆಯಿಂದ ಹಣ ಬರುವುದಿಲ್ಲ, ಅಂಕಗಳು ಒಂದೇ ವರ್ಷ ಚಾಲ್ತಿಯಲ್ಲಿರುತ್ತವೆ. ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ), ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಕೊಡುವ ಜೆಆರ್‌ಎಫ್‌ಗಳ ಪ್ರಕಟಣೆಯನ್ನೂ ನೋಡುತ್ತಿರಿ. ಓದು ಹೆಚ್ಚೂಕಡಿಮೆ ಒಂದೇ.

ಇನ್ನು ಕಾಗದಪತ್ರ. ನಮ್ಮವರು ಎಡವುವುದು ಎರಡು ಕಡೆ. ಮೊದಲನೆಯದು ಹೆಸರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕೆ.ಎಸ್.' ಎಂಬ ಇನಿಷಿಯಲ್, ಆಧಾರ್‌ನಲ್ಲಿ ಊರು–ಅಪ್ಪನ ಹೆಸರು ಬಿಡಿಸಿ ಬರೆದದ್ದು. ಅರ್ಜಿ ತುಂಬುವ ಮೊದಲೇ ಇವನ್ನು ಹೊಂದಿಸಿ. ಎರಡನೆಯದು ಒಬಿಸಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಮಾಮೂಲಾಗಿ ಕೊಡುವ 2ಎ, 3ಬಿ ಪತ್ರ ಕೇಂದ್ರ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಕೆನೆಪದರವಲ್ಲದ ಒಬಿಸಿ ಪತ್ರವನ್ನೇ ಕೇಳಿ ಪಡೆಯಬೇಕು. ಅದಕ್ಕೂ ಮೊದಲು ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿ, ರಾಜ್ಯದ ಪಟ್ಟಿಯೇ ಬೇರೆ.

ಶಿಫಾರಸು ಪತ್ರಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿ. ವಿಭಾಗದ ಮುಖ್ಯಸ್ಥರ 'ಒಳ್ಳೆಯ ನಡತೆಯ ವಿದ್ಯಾರ್ಥಿ' ಎನ್ನುವ ಪತ್ರಕ್ಕಿಂತ ಪ್ರಾಜೆಕ್ಟ್ ಗೈಡ್ ಬರೆದ, ನೀವು ಲ್ಯಾಬಿನ ಬೆಂಚಿನ ಮೇಲೆ ಏನು ಮಾಡಿದಿರಿ ಎಂಬ ನಾಲ್ಕು ಸಾಲಿಗೆ ತೂಕ ಹೆಚ್ಚು. ಪೋರ್ಟಲ್‌ನಿಂದ ಅವರಿಗೆ ಹೋಗುವ ಲಿಂಕ್ ಸ್ಪ್ಯಾಮ್‌ಗೆ ಬೀಳುವುದುಂಟು, ಫೋನ್ ಮಾಡಿ ನೋಡಲು ಹೇಳಿ. ಉದ್ದೇಶ ಪತ್ರವನ್ನು 'ಬಾಲ್ಯದಿಂದಲೇ ವಿಜ್ಞಾನದಲ್ಲಿ ಆಸಕ್ತಿ' ಎಂದು ಶುರುಮಾಡಬೇಡಿ. ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ, ಅದರ ಸುತ್ತ ಈವರೆಗೆ ಕೈಯಾರೆ ಏನು ಮಾಡಿದ್ದೀರಿ, ಏನು ಕೈಕೊಟ್ಟಿತು, ಅಷ್ಟು ಬರೆಯಿರಿ.

ಉಳಿದಿದ್ದೆಲ್ಲ ಸಂದರ್ಶನ. ಬೋರ್ಡಿನ ಮುಂದೆ ನಿಲ್ಲಿಸಿ 'ನಿಮ್ಮ ಪ್ರಾಜೆಕ್ಟ್ ಹೇಳಿ' ಎನ್ನುತ್ತಾರೆ. ವೆಸ್ಟರ್ನ್ ಬ್ಲಾಟ್ (ಪ್ರೊಟೀನನ್ನು ಮೆಂಬ್ರೇನಿಗೆ ವರ್ಗಾಯಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) ಮಾಡಿದ್ದೆ ಎಂದಿರೋ, ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ಬ್ಲಾಕಿಂಗ್‌ಗೆ 5% ಹಾಲಿನ ಪುಡಿ ಏಕೆ? ಮೆಂಬ್ರೇನಿನ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಿರಲಿ ಎಂದು. ಫಾಸ್ಫೋ-ಪ್ರೊಟೀನ್ (ಫಾಸ್ಫೇಟ್ ಅಂಟಿದ ಪ್ರೊಟೀನ್) ಹುಡುಕುವಾಗಲೂ ಹಾಲೇನಾ? ಹಾಲಿನ ಕೇಸೀನೇ ಒಂದು ಫಾಸ್ಫೋ-ಪ್ರೊಟೀನ್, ಹಾಗಾಗಿ ಹಿನ್ನೆಲೆ ಕಪ್ಪಾಗಬಹುದು. ಸಾಮಾನ್ಯವಾಗಿ ಬಿಎಸ್ಎ (ಹಸುವಿನ ರಕ್ತದ ಆಲ್ಬುಮಿನ್) ಬಳಸುತ್ತಾರೆ. 'ಪ್ರೊಟೊಕಾಲ್‌ನಲ್ಲಿ ಹಾಗಿತ್ತು ಸರ್' ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಲೇನಿಗೂ (ಜೆಲ್ಲಿನ ಒಂದೊಂದು ಸಾಲಿಗೂ) ಸಮನಾಗಿ ಪ್ರೊಟೀನ್ ಹಾಕಿದೆಯೇ ಎಂದು ನೋಡಲು ಬಳಸುವ ಆಕ್ಟಿನ್ ಬ್ಯಾಂಡ್ ಎಲ್ಲ ಲೇನಿನಲ್ಲೂ ತುಂಬಿ ಕಪ್ಪಾಗಿದ್ದರೆ ಅದು ಸಮಾನ ಲೋಡಿಂಗ್‌ಗೆ ಪುರಾವೆಯಲ್ಲ. ಒಂದೇ ಸ್ಯಾಂಪಲನ್ನು ಮೂರು ಲೇನಿಗೆ ಹಾಕಿದ್ದು ಮೂರು ಪ್ರಯೋಗವೂ ಅಲ್ಲ. ಗ್ರಾಫಿನ ಎರರ್ ಬಾರ್ ಎಸ್‌ಡಿಯೋ (ಅಳತೆಗಳ ಚದುರುವಿಕೆ) ಎಸ್‌ಇಎಮ್ಮೋ (ಸರಾಸರಿಯ ಅನಿಶ್ಚಿತತೆ) ಎಂದು ಕೇಳಿದಾಗ ತಡವರಿಸುವವರೇ ಬಹಳ.

ಲೆಕ್ಕವನ್ನೂ ಅಲ್ಲೇ ಮಾಡಿಸುತ್ತಾರೆ. 1 ಮೋಲಾರ್ ಟ್ರಿಸ್ ಬಫರಿನಿಂದ 50 ಮಿಲಿಮೋಲಾರಿನ 500 ಮಿಲಿಲೀಟರ್ ಮಾಡಲು 25 ಮಿಲಿಲೀಟರ್ ಸ್ಟಾಕ್ ಬೇಕು. ಮನೆಯಲ್ಲಿ ಸುಲಭ, ಐದು ಜನ ನೋಡುತ್ತಿರುವಾಗ ಸೊನ್ನೆ ತಪ್ಪುತ್ತದೆ. ನಿಂತು, ಬೋರ್ಡಿನ ಮೇಲೆ ಬರೆದು ಅಭ್ಯಾಸ ಮಾಡಿ. ಇಂಗ್ಲಿಷ್ ತೊಡರಿದರೆ ಚಿತ್ರ ಬಿಡಿಸಿ, ಚಿಕ್ಕ ವಾಕ್ಯದಲ್ಲಿ ಹೇಳಿ. ಅವರು ಅಳೆಯುತ್ತಿರುವುದು ತರ್ಕವನ್ನು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು, ಹೇಗೆ ಕಂಡುಹಿಡಿಯುತ್ತಿದ್ದೆ ಎಂದು ಮುಂದುವರಿಸಿ.

ಆಯ್ಕೆಯಾದ ಮೇಲೆ ಲ್ಯಾಬ್ ಒಪ್ಪಿಕೊಳ್ಳುವ ಮುನ್ನ ಅಲ್ಲಿನ ಹಿರಿಯ ವಿದ್ಯಾರ್ಥಿಗಳ ಜೊತೆ ಕ್ಯಾಂಟೀನಿನಲ್ಲಿ ಒಂದು ಕಾಫಿ ಕುಡಿಯಿರಿ. ಇಲ್ಲಿ ಥೀಸಿಸ್ ಸಲ್ಲಿಸಲು ಎಷ್ಟು ವರ್ಷ ಹಿಡಿಯುತ್ತದೆ, ಗೈಡ್ ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ಮಧ್ಯದಲ್ಲಿ ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ, ಈ ಮೂರನ್ನು ಕೇಳಿ. ಮೂರನೆಯದಕ್ಕೆ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂಬುದನ್ನೂ ಗಮನಿಸಿ.