ನಾಮಫಲಕದ ಮನೆ ಕಾರ್ಯಾಗಾರ: ಕಡಿಮೆ ಖರ್ಚಿನ ಸಾಧನಗಳನ್ನು ಕೈಯಾರೆ ಮಾಡಿಕೊಳ್ಳುವ ಬಗೆ

ಮನೆಯ ಒಂದು ಕೋಣೆಯಲ್ಲಿ ನಾಮಫಲಕ ಮಾಡಲು ಹೊರಟವರಿಗೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ತಾವೇ ಮಾಡಿಕೊಳ್ಳಬಹುದು ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ನಾನು ಪಾಲಿಸಿಕೊಂಡು ಬಂದಿರುವ ನಿಯಮ ಹೀಗಿದೆ. ಫಲಕದ ಮೇಲೆ ನೇರವಾಗಿ ಗುರುತು ಬಿಡುವ ಬ್ರಷ್, ಬಣ್ಣ ಮತ್ತು ಕಟರ್ ಅಲಗುಗಳನ್ನು ಒಳ್ಳೆಯದನ್ನೇ ನೋಡಿ ಕೊಳ್ಳಬೇಕು. ವಿದ್ಯುತ್ ಅಡಾಪ್ಟರನ್ನೂ ಮನೆಯಲ್ಲಿ ಕಟ್ಟಲು ಹೋಗದೆ ಸಿದ್ಧವಾಗಿರುವುದನ್ನೇ ತರಬೇಕು. ಫಲಕವನ್ನು ನಿಲ್ಲಿಸುವ, ಕೈಗೆ ಆಸರೆ ಕೊಡುವ, ಗೆರೆ ತೋರಿಸುವ, ಬೆಳಕು ಕೊಡುವ ಸಾಧನಗಳನ್ನೆಲ್ಲ ಮರದ ಪಟ್ಟಿ, ಉಳಿದ ಪ್ಲೈವುಡ್ ತುಂಡು, ಕೆಟ್ಟ ಗಡಿಯಾರದ ಹಲ್ಲುಚಕ್ರ ಮುಂತಾದವುಗಳಿಂದ ಮಾಡಿಕೊಳ್ಳಬಹುದು. ನಮ್ಮ ಎತ್ತರಕ್ಕೆ, ನಮ್ಮ ಕೈಯ ಅಳತೆಗೆ ಹೊಂದುವಂತೆ ಮಾಡಿಕೊಂಡ ಇಂಥ ಸಾಧನಗಳು ಕೊಂಡು ತಂದವುಗಳಿಗಿಂತ ಎಷ್ಟೋ ಸಲ ಚೆನ್ನಾಗಿ ಒದಗುತ್ತವೆ.

ನೇರ ಗೆರೆ, ನೇರ ಮೂಲೆ

ಯಾವ ಸಾಧನವನ್ನು ಮಾಡುವುದಕ್ಕೂ ಮೊದಲು ನಂಬಬಹುದಾದ ಒಂದು ನೇರ ಅಂಚು ಕೈಯಲ್ಲಿರಬೇಕು. ಪ್ಲೈವುಡ್ ಹಾಳೆಯ ಕಾರ್ಖಾನೆಯ ಅಂಚನ್ನು ಸುಮಾರು 10 ಸೆಂ.ಮೀ. ಅಗಲದ ಪಟ್ಟಿಯಾಗಿ ಸೀಳಿಸಿಕೊಂಡರೆ ಉದ್ದನೆಯ ಗೆರೆಪಟ್ಟಿ ಸಿಗುತ್ತದೆ. ಅದು ನಿಜವಾಗಿಯೂ ನೇರವಾಗಿದೆಯೇ ಎಂದು ಪರೀಕ್ಷಿಸಲು ಅದರ ಅಂಚಿಗೆ ಸೀಸದಕಡ್ಡಿಯಿಂದ ಒಂದು ಗೆರೆ ಎಳೆದು, ಪಟ್ಟಿಯನ್ನು ಅದೇ ಗೆರೆಯ ಇನ್ನೊಂದು ಬದಿಗೆ ಮಗುಚಿ ಹಾಕಿ, ಅದೇ ಅಂಚಿನಿಂದ ಮತ್ತೊಮ್ಮೆ ಎಳೆಯಬೇಕು. ಎರಡು ಗೆರೆಗಳು ಒಂದರ ಮೇಲೊಂದು ಕೂತರೆ ಅಂಚು ನೇರವಾಗಿದೆ. ನಡುವೆ ಸಂದು ಕಂಡರೆ ಆ ಸಂದಿನ ಅರ್ಧದಷ್ಟು ಪಟ್ಟಿ ಡೊಂಕಾಗಿದೆ ಎಂದು ತಿಳಿಯಬೇಕು. ಲಂಬಕೋನಕ್ಕಾಗಿ ಒಂದು ಬದಿಯಲ್ಲಿ 60 ಸೆಂ.ಮೀ., ಇನ್ನೊಂದು ಬದಿಯಲ್ಲಿ 80 ಸೆಂ.ಮೀ. ಗುರುತಿಸಿ, ಆ ಎರಡು ಗುರುತುಗಳ ನಡುವಿನ ಅಂತರ ಸರಿಯಾಗಿ 100 ಸೆಂ.ಮೀ. ಬರುವಂತೆ ಹೊಂದಿಸಿದರೆ ಸಾಕು. ಮುಂದೆ ಮಾಡುವ ಎಲ್ಲವೂ ಈ ಎರಡನ್ನು ಆಧರಿಸಿರುವುದರಿಂದ ಇಲ್ಲಿ ಅರ್ಧ ದಿನ ಕಳೆದರೂ ಅದು ನಷ್ಟವಲ್ಲ.

ಫಲಕ ನಿಲ್ಲಿಸುವ ಚೌಕಟ್ಟಿಗೆ 180 ಸೆಂ.ಮೀ. ಎತ್ತರದ ಎರಡು ಮರದ ಕಾಲುಗಳನ್ನು ಎರಡು ಅಡ್ಡಪಟ್ಟಿಗಳಿಂದ ಜೋಡಿಸಿ, ಹಿಂಬದಿಗೆ ಕೀಲಿನಿಂದ ಮೂರನೆಯ ಕಾಲನ್ನು ಕೂಡಿಸಬೇಕು. ಮುಂದಿನ ಕಾಲುಗಳಲ್ಲಿ ಹತ್ತು ಹತ್ತು ಸೆಂ.ಮೀ. ಅಂತರಕ್ಕೆ ರಂಧ್ರ ಕೊರೆದು ಗೂಟ ಹಾಕಿದರೆ ಫಲಕವನ್ನು ಬೇಕಾದ ಎತ್ತರಕ್ಕೆ ಏರಿಸಿ ಇಳಿಸಬಹುದು. ಚೌಕಟ್ಟಿನ ಮೇಲ್ತುದಿ ಬುಡಕ್ಕಿಂತ ಸುಮಾರು 30 ಸೆಂ.ಮೀ. ಹಿಂದಕ್ಕೆ ವಾಲಿರಲಿ, ಕಾಲುಗಳು ಜಾರಿ ಅಗಲವಾಗದಂತೆ ಹಿಂದುಮುಂದಿನ ಕಾಲುಗಳಿಗೆ ಒಂದು ಹಗ್ಗ ಕಟ್ಟಿರಲಿ. ಎರಡೂ ಬದಿಯ ರಂಧ್ರಗಳು ಒಂದೇ ಮಟ್ಟದಲ್ಲಿರಬೇಕಾದ್ದರಿಂದ ಕಾಲುಗಳನ್ನು ಜೋಡಿಸುವ ಮೊದಲೇ ಅವೆರಡನ್ನೂ ಒಟ್ಟಿಗೆ ಬಿಗಿದು, ಒಂದೇ ಏಟಿಗೆ ಎರಡರಲ್ಲೂ ಕೊರೆಯುವುದು ಒಳ್ಳೆಯದು.

ಕನ್ನಡ ಅಕ್ಷರಗಳನ್ನು ಬರೆಯುವವರಿಗೆ ಇನ್ನೊಂದು ಸಣ್ಣ ಸಾಧನ ತುಂಬ ನೆರವಾಗುತ್ತದೆ. ತಲೆಕಟ್ಟಿನ ಮೇಲ್ಗೆರೆ, ಅಕ್ಷರದ ಮೇಲ್ಗೆರೆ, ಅಡಿಗೆರೆ, ಒತ್ತಕ್ಷರದ ಕೆಳಗೆರೆ ಎಂದು ಪ್ರತಿ ಸಾಲಿಗೂ ನಾಲ್ಕು ಗೆರೆಗಳು ಬೇಕು. ತೆಳು ಪ್ಲೈವುಡ್ ಪಟ್ಟಿಯ ಒಂದು ತುದಿಗೆ ಅಡ್ಡಲಾಗಿ ಮರದ ತುಂಡೊಂದನ್ನು ಅಂಟಿಸಿ, ಪಟ್ಟಿಯ ಉದ್ದಕ್ಕೆ ಈ ನಾಲ್ಕು ಎತ್ತರಗಳಲ್ಲಿ ಸೀಸದಕಡ್ಡಿಯ ಮೊನೆ ಹಿಡಿಯುವಷ್ಟು ರಂಧ್ರ ಮಾಡಿಕೊಳ್ಳಬೇಕು. ಅಡ್ಡತುಂಡನ್ನು ಫಲಕದ ಮೇಲಂಚಿಗೆ ಒತ್ತಿ ಹಿಡಿದು ಜಾರಿಸುತ್ತ ಹೋದರೆ ಪ್ರತಿ ಗೆರೆಯೂ ಅಂಚಿಗೆ ಸಮಾನಾಂತರವಾಗಿ ಬರುತ್ತದೆ. ಒತ್ತಕ್ಷರಕ್ಕೆ ಅಕ್ಷರದ ಎತ್ತರದ ಅರ್ಧದಷ್ಟು ಜಾಗವನ್ನು ನಾನು ಬಿಡುತ್ತೇನೆ. "ಸ್ತ್ರೀ", "ರಾಷ್ಟ್ರ" ಇಂಥ ಪದಗಳಿದ್ದರೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಸಾಲುಗಳ ನಡುವೆ ಈ ಜಾಗವನ್ನು ಮೊದಲೇ ಲೆಕ್ಕ ಹಾಕದೆ ಕೊನೆಯಲ್ಲಿ ಒತ್ತಕ್ಷರಗಳನ್ನು ಕುಗ್ಗಿಸಿ ತುರುಕಿದ ಫಲಕಗಳನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ, ಏಕೆಂದರೆ ದೂರದಿಂದ ಓದುವವನಿಗೆ ಮೊದಲು ಕಲಸಿಹೋಗುವುದೇ ಆ ಭಾಗ.

ಕೈಗೋಲು ಮತ್ತು ಪುಡಿಯ ಅಚ್ಚು

ಹಸಿ ಬಣ್ಣಕ್ಕೆ ಕೈ ತಾಗದಂತೆ, ಕೈ ನಡುಗದಂತೆ ಆಸರೆ ಕೊಡುವ ಕೋಲಿಗೆ 75 ರಿಂದ 90 ಸೆಂ.ಮೀ. ಉದ್ದದ, ಕಿರುಬೆರಳು ಗಾತ್ರದ ನೇರ ಮರದ ಕಡ್ಡಿ ಸಾಕು. ಒಂದು ತುದಿಗೆ ಹತ್ತಿಯನ್ನು ಉಂಡೆಯಾಗಿ ಸುತ್ತಿ, ಮೇಲೆ ಮೃದುವಾದ ಬಟ್ಟೆ ಹೊದಿಸಿ ದಾರದಿಂದ ಬಿಗಿಯಬೇಕು. ಎಡಗೈಯಲ್ಲಿ ಕೋಲನ್ನು ಹಿಡಿದು, ಉಂಡೆಯನ್ನು ಫಲಕದ ಒಣಗಿದ ಭಾಗದಲ್ಲೋ ಅಂಚಿನ ಆಚೆಗೋ ಊರಿ, ಬಲಗೈ ಮಣಿಕಟ್ಟನ್ನು ಕೋಲಿನ ಮೇಲಿರಿಸಿ ಬರೆಯಬೇಕು. ಗೆರೆ ಎಳೆಯುವಾಗ ಮಣಿಕಟ್ಟು ಕೋಲಿನ ಉದ್ದಕ್ಕೆ ಜಾರುವುದರಿಂದ ಕೋಲನ್ನು ಮರಳುಕಾಗದದಿಂದ ಚೆನ್ನಾಗಿ ನಯಗೊಳಿಸಬೇಕು.

ಒಂದೇ ಬರಹವನ್ನು ಹಲವು ಫಲಕಗಳ ಮೇಲೆ ಮೂಡಿಸಬೇಕಾದಾಗ ಪುಡಿಯ ಅಚ್ಚಿಗೆ ಸಮನಾದದ್ದಿಲ್ಲ. ಗಟ್ಟಿ ಕಂದು ಕಾಗದದ ಮೇಲೆ ಅಕ್ಷರಗಳನ್ನು ಬರೆದು, ಮಡಿಸಿದ ಕಂಬಳಿಯ ಮೇಲೆ ಹಾಸಿ, ಗೆರೆಯುದ್ದಕ್ಕೂ ಸಾಲುಸಾಲಾಗಿ ತೂತು ಮಾಡುವುದೇ ಇದರ ಕೆಲಸ. ತೂತು ಮಾಡುವ ಚಕ್ರವನ್ನು ಕೆಟ್ಟ ಅಲಾರಂ ಗಡಿಯಾರದ ಹಲ್ಲುಚಕ್ರದಿಂದ ಮಾಡಬಹುದು: ಬಿದಿರಿನ ಹಿಡಿಯ ತುದಿಯನ್ನು ಸೀಳಿ, ಸೀಳಿನಲ್ಲಿ ಚಕ್ರವನ್ನಿಟ್ಟು, ಗುಂಡುಸೂಜಿಯನ್ನೇ ಅಚ್ಚುಗೂಟವಾಗಿ ತೂರಿಸಿ, ಸೀಳಿನ ಬುಡಕ್ಕೆ ದಾರ ಸುತ್ತಿದರೆ ಆಯಿತು. ಹಲ್ಲುಗಳು ಮೊಂಡಾಗಿದ್ದರೆ ಸಣ್ಣ ಅರದಿಂದ ಮೊನೆ ಮಾಡಿಕೊಳ್ಳಬೇಕು. ಮನೆಯಲ್ಲಿ ಹೊಲಿಗೆ ಯಂತ್ರವಿದ್ದರೆ ದಾರ ಪೋಣಿಸದೆ ಬರಿಯ ಸೂಜಿಯಿಂದ ಗೆರೆಯ ಮೇಲೆ ಹೊಲಿಯುತ್ತ ಹೋದರೂ ಅಚ್ಚುಕಟ್ಟಾದ ತೂತುಗಳು ಬೀಳುತ್ತವೆ. ಕಾಗದದ ಹಿಂಬದಿಯಲ್ಲಿ ಎದ್ದ ಉಬ್ಬುಗಳನ್ನು ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜುವುದನ್ನು ಮರೆಯಬಾರದು. ಹಾಗೇ ಬಿಟ್ಟರೆ ಆ ಉಬ್ಬುಗಳು ತೂತುಗಳನ್ನು ಮತ್ತೆ ಮುಚ್ಚಿಬಿಡುತ್ತವೆ. ತೆಳು ಹತ್ತಿ ಬಟ್ಟೆಯಲ್ಲಿ ಪುಡಿ ಕಟ್ಟಿ ಚಿಕ್ಕ ಗಂಟು ಮಾಡಿಕೊಳ್ಳಿ: ತಿಳಿ ಬಣ್ಣದ ಫಲಕಕ್ಕೆ ಇದ್ದಿಲ ಪುಡಿ, ಗಾಢ ಬಣ್ಣದ್ದಕ್ಕೆ ಚಾಕ್ ಪುಡಿ. ಗಂಟಿನಿಂದ ತಟ್ಟಬೇಕು, ಉಜ್ಜಬಾರದು. ಕಾಗದವನ್ನು ಎತ್ತಿದಾಗ ಅಕ್ಷರಗಳ ಹೊರಗೆರೆ ಚುಕ್ಕಿಗಳಲ್ಲಿ ಮೂಡಿರುತ್ತದೆ, ಬಣ್ಣ ಒಣಗಿದ ಮೇಲೆ ಉಳಿದ ಪುಡಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ನಕಲು ತೆಗೆಯಲು ಬೆಳಕಿನ ಮೇಜು ಬೇಕೆನಿಸಿದರೆ ಒಳಗೆ ಬಿಳಿ ಬಣ್ಣ ಬಳಿದ ಪೆಟ್ಟಿಗೆಯೊಂದರ ತಳಕ್ಕೆ 12 ವೋಲ್ಟಿನ ಎಲ್‌ಇಡಿ ಪಟ್ಟಿಗಳನ್ನು ಅಂಟಿಸಿ, ಮೇಲೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯನ್ನು ಹಾಸಬಹುದು. ಪಟ್ಟಿಗಳ ನಡುವಿನ ಅಂತರಕ್ಕಿಂತ ಪೆಟ್ಟಿಗೆಯ ಆಳ ಕಡಿಮೆಯಾದರೆ ಬೆಳಕು ಪಟ್ಟೆಪಟ್ಟೆಯಾಗಿ ಕಾಣುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಸಾಕು.

ಥರ್ಮಾಕೋಲ್ ಕತ್ತರಿಸುವ ಬಿಸಿತಂತಿ

ಉಬ್ಬು ಅಕ್ಷರಗಳಿಗೆ ಬಿಸಿತಂತಿಯ ಮೇಜು ಬೇಕೇ ಬೇಕು, ಮತ್ತು ಕೈಯಾರೆ ಮಾಡಿಕೊಳ್ಳುವ ಸಾಧನಗಳಲ್ಲಿ ಹೆಚ್ಚು ಎಚ್ಚರ ಕೇಳುವುದೂ ಇದೇ. 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಪ್ಲೈವುಡ್ ಹಲಗೆಗೆ ಕಾಲು ಕೊಟ್ಟು, ಹಿಂಬದಿಯಲ್ಲಿ ಒಂದು ಕಂಬ ನಿಲ್ಲಿಸಿ, ಕಂಬದ ಮೇಲಿಂದ ಹಲಗೆಯ ನಡುವಿನವರೆಗೆ ಒಂದು ತೋಳನ್ನು ಚಾಚಬೇಕು. ತೋಳಿನ ತುದಿಯಿಂದ ಇಳಿದ ನೈಕ್ರೋಮ್ (ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ಲೋಹದ) ತಂತಿ ಹಲಗೆಯಲ್ಲಿನ 5 ಮಿ.ಮೀ. ರಂಧ್ರದ ಮೂಲಕ, ಮರಕ್ಕೆ ತಾಗದಂತೆ ಹಾದು, ಕೆಳಗೆ ಒಂದು ತಿರುಪಿಗೆ ಬಿಗಿದಿರುತ್ತದೆ. ಮೇಲ್ತುದಿಯಲ್ಲಿ ಸ್ಪ್ರಿಂಗ್ ಅನಿವಾರ್ಯ. ಅರ್ಧ ಮೀಟರ್ ತಂತಿ 250 ಡಿಗ್ರಿಯಷ್ಟು ಬಿಸಿ ಏರಿದಾಗ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ತಂತಿ ಸಡಿಲಗೊಂಡು ಅಕ್ಷರದ ಬದಿಗಳೆಲ್ಲ ಅಲೆಅಲೆಯಾಗುತ್ತವೆ. ವಿದ್ಯುತ್ತಿನ ಎಳೆಯನ್ನು ಸ್ಪ್ರಿಂಗಿಗೆ ಕೂಡಿಸದೆ ಅದರ ಕೆಳಗೆ, ನೇರವಾಗಿ ತಂತಿಗೇ ಕೂಡಿಸಬೇಕು. ಸ್ಪ್ರಿಂಗ್ ಬಿಸಿಯಾದರೆ ಅದರ ಬಿಗುವೇ ಹೋಗುತ್ತದೆ.

ಲೆಕ್ಕವನ್ನೂ ಒಮ್ಮೆ ನೋಡೋಣ. 0.3 ಮಿ.ಮೀ. ದಪ್ಪದ ನೈಕ್ರೋಮ್ ತಂತಿಯ ರೋಧ ಮೀಟರಿಗೆ ಸುಮಾರು 15 ಓಮ್. ಅರ್ಧ ಮೀಟರಿಗೆ ಏಳೂವರೆ ಓಮ್ ಆಗುವುದರಿಂದ 12 ವೋಲ್ಟ್ ಕೊಟ್ಟಾಗ 1.6 ಆಂಪಿಯರ್ ಹರಿದು, ಸುಮಾರು 19 ವಾಟ್ ಶಾಖ ಹುಟ್ಟುತ್ತದೆ. ಹೀಗಾಗಿ 12 ವೋಲ್ಟ್, 3 ಆಂಪಿಯರಿನ ಮುಚ್ಚಿದ ಅಡಾಪ್ಟರ್ ಧಾರಾಳವಾಗಿ ಸಾಕು. ಅಡಾಪ್ಟರಿಗೂ ತಂತಿಗೂ ನಡುವೆ ಡಿಸಿ ಮೋಟರಿನ ವೇಗ ನಿಯಂತ್ರಕವನ್ನು ಹಾಕಿದರೆ ಶಾಖವನ್ನು ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು. ಕಾಲಿನಿಂದ ಒತ್ತುವ ಸ್ವಿಚ್ ಇದ್ದರೆ ಎರಡೂ ಕೈಗಳು ಕೆಲಸಕ್ಕೆ ಸಿಗುತ್ತವೆ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು, ನಡುವೆ ಫ್ಯಾನಿನ ರೆಗ್ಯುಲೇಟರ್ ಇದ್ದರೂ, ಎಂದಿಗೂ ಈ ತಂತಿಗೆ ಕೊಡಬಾರದು. ಬರಿಗೈಗೆ ತಾಗುವಂತೆ ತೆರೆದುಕೊಂಡಿರುವ ಆ ತಂತಿ ಪ್ರಾಣವನ್ನೇ ತೆಗೆಯಬಲ್ಲದು.

ತಂತಿ ಕೆಂಪಗೆ ಹೊಳೆಯಬಾರದು. ಹೊಳೆದರೆ ಅದು ಅಗತ್ಯಕ್ಕಿಂತ ಬಹಳ ಬಿಸಿಯಾಗಿದೆ ಎಂದರ್ಥ. ಆಗ ಥರ್ಮಾಕೋಲ್ ಸುಟ್ಟು ಹೊಗೆ ಏಳುತ್ತದೆ, ಕತ್ತರಿಸಿದ ಸಂದು ಅಗಲವಾಗುತ್ತದೆ. ಶಾಖ ಹದವಾಗಿದ್ದಾಗ ಕತ್ತರಿಸಿದ ಎರಡು ತುಂಡುಗಳನ್ನು ಬಿಡಿಸಿದರೆ ನಡುವೆ ಕೂದಲಿಗಿಂತ ತೆಳುವಾದ ಎಳೆಗಳು ಕಾಣುತ್ತವೆ, ಬದಿ ಬೆರಳಿಗೆ ರೇಷ್ಮೆಯಂತೆ ತಾಗುತ್ತದೆ. ತುಂಡನ್ನು ತಂತಿಯ ಕಡೆಗೆ ನೂಕಬಾರದು. ತಂತಿ ಕರಗಿಸಿ ದಾರಿ ಮಾಡಿಕೊಂಡಷ್ಟೇ ವೇಗದಲ್ಲಿ ಅದನ್ನು ಸಾಗಿಸಬೇಕು. ಅವಸರಪಟ್ಟರೆ ತಂತಿಯ ನಡುಭಾಗ ಹಿಂದೆ ಬಾಗಿ, ಮೇಲೆ ಸರಿಯಾಗಿ ಕಂಡ ಅಕ್ಷರ ಹೊಟ್ಟೆಯಲ್ಲಿ ಉಬ್ಬಿಕೊಂಡು ಬರುತ್ತದೆ. ಮೂಲೆಗಳಲ್ಲಿ ತಡೆದು ನಿಂತರೆ ಆ ಜಾಗದಲ್ಲಿ ಗುಳಿ ಬೀಳುತ್ತದೆ. ತಂತಿ ಹಲಗೆಗೆ ಲಂಬವಾಗಿದೆಯೇ ಎಂದು ಪ್ರತಿ ಸಲವೂ ಮೂಲೆಮಟ್ಟವನ್ನಿಟ್ಟು ನೋಡುವುದು ರೂಢಿಯಾಗಬೇಕು.

"ಠ" ಅಥವಾ "ರ"ದಂಥ ಅಕ್ಷರಗಳ ಒಳಗಿನ ಮುಚ್ಚಿದ ಜಾಗವನ್ನು ಕತ್ತರಿಸಲು ಹೊರಗಿನಿಂದ ದಾರಿಯಿಲ್ಲ. ವಿದ್ಯುತ್ ಆರಿಸಿ, ತಂತಿ ತಣಿದ ಮೇಲೆ ಅದರ ಕೆಳತುದಿಯನ್ನು ತಿರುಪಿನಿಂದ ಬಿಡಿಸಬೇಕು. ಆ ಒಳಜಾಗದಲ್ಲಿ ತೆಳು ಕಡ್ಡಿಯಿಂದ ಚುಚ್ಚಿ ತೂತು ಮಾಡಿ, ಅದರೊಳಗೆ ತಂತಿಯನ್ನು ಪೋಣಿಸಿ, ಮತ್ತೆ ಬಿಗಿದು ಕತ್ತರಿಸಬೇಕು. ಒಳಜಾಗವನ್ನು ಮೊದಲು, ಹೊರಗೆರೆಯನ್ನು ಕೊನೆಗೆ ಕತ್ತರಿಸಿದರೆ ಕೈಗೆ ಹಿಡಿತ ಸಿಗುತ್ತದೆ.

ನಾನು ಮೊದಲ ಸಲ ಮಾಡಿದ ಉಬ್ಬು ಅಕ್ಷರಗಳಿಗೆ ಟರ್ಪೆಂಟೈನ್ ಬೆರೆಸಿದ ಎನಾಮಲ್ ಬಣ್ಣ ಬಳಿದಿದ್ದೆ. ಕಣ್ಣೆದುರಿಗೇ ಅಕ್ಷರಗಳ ಮೈ ಕುಳಿಕುಳಿಯಾಗಿ ಕುಸಿಯಿತು, ಎರಡು ದಿನದ ಕೆಲಸ ಹೋಯಿತು. ಥರ್ಮಾಕೋಲನ್ನು ಟರ್ಪೆಂಟೈನ್, ಥಿನ್ನರ್ ಮತ್ತು ಅವುಗಳಿರುವ ಅಂಟುಗಳೆಲ್ಲ ಕರಗಿಸುತ್ತವೆ. ನೀರಿನ ಬಣ್ಣ, ಮರಕ್ಕೆ ಬಳಸುವ ಬಿಳಿ ಅಂಟು ಇವೆರಡನ್ನೇ ಬಳಸಬೇಕು.

ಉಳಿದ ಸಾಧನಗಳು

ಅಕ್ರಿಲಿಕ್ ಹಾಳೆ ಬಾಗಿಸಲು ಇದೇ ಬಗೆಯ ನೈಕ್ರೋಮ್ ತಂತಿಯನ್ನು ತೋಡಿನಂತೆ ಮೇಲೆ ತೆರೆದಿರುವ ಅಲ್ಯೂಮಿನಿಯಂ ಚಾನೆಲ್ ಒಂದರ ನಡುವೆ, ಲೋಹಕ್ಕೆ ಎಲ್ಲೂ ತಾಗದಂತೆ ಎಳೆದು ಕಟ್ಟಬಹುದು. ಬಾಗಿಸುವ ಗೆರೆಯ ಮೇಲಿನ ರಕ್ಷಣೆಯ ಕಾಗದವನ್ನು ಸುಲಿದು, ಹಾಳೆಯನ್ನು ತಂತಿಗೆ ತಾಗಿಸದೆ ಮೇಲೆ ಇಡಬೇಕು. ಸುಮಾರು 150 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಆ ಗೆರೆ ಮೆತ್ತಗಾಗಿ ತಾನೇ ಬಾಗತೊಡಗುತ್ತದೆ. 3 ಮಿ.ಮೀ.ಗಿಂತ ದಪ್ಪದ ಹಾಳೆಯನ್ನು ಎರಡೂ ಬದಿಗೆ ಕಾಯಿಸಬೇಕು. ಶಾಖ ತಡೆಯಲೆಂದು ಹಳೆಯ ಸಿಮೆಂಟ್ ಶೀಟಿನ ತುಂಡನ್ನು ಕತ್ತರಿಸಿ ಬಳಸಬೇಡಿ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು ಮತ್ತು ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಅಕ್ರಿಲಿಕ್ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಕಾಯುತ್ತಿರುವಾಗ ಅಲ್ಲಿಂದ ಕದಲಬಾರದು.

ವಿನೈಲ್ ಸ್ಟಿಕ್ಕರ್ ಅಂಟಿಸುವ ಒತ್ತುಪಟ್ಟಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿಗೆ ಉಣ್ಣೆಬಟ್ಟೆಯನ್ನು ಮಡಿಸಿ ಅಂಟಿಸಿದರೆ ಸಾಕು. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿ ಚಿಮುಕಿಸಿದರೆ ಸ್ಟಿಕ್ಕರನ್ನು ಕೂತಲ್ಲಿಂದ ಜಾರಿಸಿ ಸರಿಪಡಿಸಬಹುದು. ಬಳಿಕ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ನೀರನ್ನು ಹೊರಗೆ ತಳ್ಳಬೇಕು.

ಗಾಳಿಯಾಡುವಿಕೆಯನ್ನೂ ಸಾಧನಗಳ ಸಾಲಿಗೇ ಸೇರಿಸಬೇಕು. ಕಿಟಕಿಯಲ್ಲಿ ಹೊರಮುಖವಾಗಿ ಫ್ಯಾನ್ ಕೂರಿಸಿ, ಎದುರಿನ ಬಾಗಿಲನ್ನು ತೆರೆದಿಟ್ಟರೆ ಹೊಗೆಯೂ ಬಣ್ಣದ ಆವಿಯೂ ಕೆಲಸಗಾರನ ಮುಖ ದಾಟದೆ ಹೊರಹೋಗುವಂತೆ ಮೇಜನ್ನು ಹೊಂದಿಸಿಕೊಳ್ಳಬಹುದು. ಧೂಳಿನ ಮುಖಗವಸು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲು ತುಂಬಿದ ಡಬ್ಬಿಯಿರುವ ಗವಸೇ ಬೇಕು. ಅಗಸೆ ಎಣ್ಣೆ ಅಥವಾ ಎಣ್ಣೆಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗ ಹುಟ್ಟುವ ಶಾಖದಿಂದಲೇ ಅವು ಹೊತ್ತಿಕೊಳ್ಳಬಲ್ಲವು. ಹಾಗಾಗಿ ಮುಚ್ಚಳವಿರುವ ತಗಡಿನ ಡಬ್ಬಿಯೊಂದಕ್ಕೆ ಅರ್ಧದಷ್ಟು ನೀರು ತುಂಬಿ ಬಾಗಿಲ ಬಳಿ ಇಟ್ಟುಕೊಂಡು, ಪ್ರತಿ ದಿನದ ಬಟ್ಟೆಗಳನ್ನು ಅದರಲ್ಲಿ ಮುಳುಗಿಸಿದ ಮೇಲೆಯೇ ದೀಪ ಆರಿಸಬೇಕು.