ಮಾರ್ಚ್ 21ರ ಬೆಂಗಳೂರನ್ನು ಶಾಲೆಯ ಬೋರ್ಡಿಗೆ ತರುವುದು ಹೇಗೆ

‘ಈ ದಿನ ನಮ್ಮೂರಲ್ಲಿ’ ಅಂತ ನಾನು ಮಕ್ಕಳ ಕೈಲಿ ಬರೆಸುವಾಗ ಮೊದಲು ಕಲ್ಲು, ಆಮೇಲೆ ಪುಸ್ತಕ. ಮಾರ್ಚ್ 21ಕ್ಕಾದರೆ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೆ ಕರೆದೊಯ್ಯಿರಿ. ಅಲ್ಲಿನ ಗೋಡೆಯ ಫಲಕದಲ್ಲಿ 1791ರ ಅದೇ ತಾರೀಕಿದೆ. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆಯೊಡೆದು ರಾತ್ರಿ ಒಳನುಗ್ಗಿದ ಜಾಗ ಅದು. ಒಂದೊಂದು ಅಕ್ಷರವನ್ನೂ ಮಕ್ಕಳೇ ಓದಿ ಬರೆದುಕೊಳ್ಳಲಿ.

ಆದರೆ ಫಲಕ ಗೆದ್ದವರದು. ಕೋಟೆ ಕಾಯುತ್ತಲೇ ಮಡಿದ ಟಿಪ್ಪುವಿನ ಕಿಲ್ಲೇದಾರ (ಕೋಟೆಯ ಮುಖ್ಯಾಧಿಕಾರಿ) ಬಹಾದುರ್ ಖಾನರ ಹೆಸರು ಅದರಲ್ಲಿಲ್ಲ. ಅದನ್ನು ನೀವು ಸೇರಿಸಲೇಬೇಕು, ದಯವಿಟ್ಟು ಬಿಡಬೇಡಿ. ಕೋಟೆಯ ಪಕ್ಕದ ಊರಾದ ಪೇಟೆ ಬಿದ್ದದ್ದು ಮಾರ್ಚ್ 7ಕ್ಕೆ, ಕೋಟೆ ಬಿದ್ದದ್ದು 21ಕ್ಕೆ. ಇವೆರಡನ್ನೂ ಬೆರೆಸಬಾರದು. ಬೋರ್ಡಿಗೆ ನಾಲ್ಕು ಸಾಲು ಸಾಕು: ದಾಳಿಗೆ ಒಂದು, ಜಾಗಕ್ಕೆ ಒಂದು, ಖಾನರಿಗೆ ಎರಡು.