ಹಲಗೆ ಮೇಲೆ ಬರುವಷ್ಟರಲ್ಲಿ ಹುಳು ಮಾಯ

ಮಂಗಳೂರಿನ ದಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆ) ಕಂಬಗಳಿಗೆ ಅಂಟಿ ಬದುಕುವ ಸಣ್ಣ ಜೀವಿಗಳನ್ನು ಎಣಿಸುವ ಕೆಲಸ ನನ್ನದು. ನೀರು ಕೆಸರು, ದಿನವಿಡೀ ಬೋಟುಗಳ ಓಡಾಟ. ಮುಳುಗಿ ನೋಡುವಂತಿಲ್ಲ, ಫೋಟೋವೂ ಬರುವುದಿಲ್ಲ. ಹಾಗಾಗಿ 15 ಸೆಂ.ಮೀ. ಚೌಕದ ಪಿವಿಸಿ ಹಲಗೆಗಳನ್ನು ಹಗ್ಗಕ್ಕೆ ಕಟ್ಟಿ, ಜೀವಿಗಳು ಬಂದು ಅಂಟಿಕೊಳ್ಳಲಿ ಎಂದು ಒಂದು ಮೀಟರ್ ಆಳಕ್ಕೆ ಇಳಿಬಿಟ್ಟಿದ್ದೆ.

ಮೂರು ತಿಂಗಳಾದ ಮೇಲೆ ಎತ್ತಿದರೆ ಬಾರ್ನಕಲ್, ಪಚ್ಚಿಲೆಯಂಥ ಚಿಪ್ಪಿನ ಜೀವಿಗಳು ಬೇಕಾದಷ್ಟು. ಆದರೆ ಆಂಫಿಪಾಡ್‌ಗಳು, ಅಂದರೆ ಸಿಗಡಿಯಂಥ ಪುಟ್ಟ ಹುಳುಗಳು, ಬೆರಳೆಣಿಕೆ. ಇಲ್ಲಿ ಅವು ಕಡಿಮೆ ಎಂದೇ ಬರೆದುಕೊಂಡೆ. ಆದರೂ ಮನಸ್ಸು ಒಪ್ಪಲಿಲ್ಲ. ಹಲಗೆಯ ಮೇಲೆ ಹೈಡ್ರಾಯ್ಡ್ (ಗಿಡದಂತೆ ಕವಲೊಡೆದು ಬೆಳೆಯುವ ಜೀವಿ) ಪೊದೆ ಅಷ್ಟು ದಟ್ಟವಾಗಿದೆ, ಅದರಲ್ಲಿ ಇರಲೇಬೇಕು ಅಲ್ವಾ?

ಮುಂದಿನ ಸಲ ಎತ್ತುವಾಗ ಹಲಗೆಯ ಅಂಚನ್ನೇ ನೋಡುತ್ತಾ ನಿಂತೆ. ನೀರಿನಿಂದ ಹೊರಬರುವ ಆ ಕ್ಷಣದಲ್ಲೇ ತೊಟ್ಟಿಕ್ಕುವ ನೀರಿನ ಜೊತೆ ಸಣ್ಣ ಹುಳುಗಳು ಉದುರುತ್ತಿದ್ದವು!

ಪರಿಹಾರ ಸುಲಭ. ಅರ್ಧ ಮಿ.ಮೀ. ಕಣ್ಣಿನ ಬಲೆಬಟ್ಟೆಯಿಂದ ಚೀಲ ಹೊಲಿದು, ಬಾಯಿಗೆ ತಂತಿಯ ಬಳೆ ಹಾಕಿದೆ. ಎರಡು ಹಗ್ಗದಲ್ಲಿ ಅದನ್ನು ಹಲಗೆಯ ಕೆಳಗೆ ಇಳಿಸಿ, ನಿಧಾನವಾಗಿ ಮೇಲೆ ತಂದು, ನೀರೊಳಗೇ ಹಲಗೆಯನ್ನು ಪೂರ್ತಿ ಮುಚ್ಚಿ ಬಾಯಿ ಬಿಗಿಯುವುದು. ಆಮೇಲೆ ಎತ್ತುವುದು. ಅವಸರ ಮಾಡಿದರೆ ಈಜಿ ಪಾರಾಗುತ್ತವೆ. ಬೋಟು ಹಾದುಹೋದ ಅಲೆ ತಣಿಯುವವರೆಗೂ ಕಾಯಬೇಕು. ಚೀಲವನ್ನು ಸೋಸಿದ ಸಮುದ್ರದ ನೀರಿನ ಬಕೆಟ್ಟಿನಲ್ಲಿ ಜಾಲಾಡಿ, ಅಷ್ಟೇ ಕಣ್ಣಿನ ಜರಡಿಗೆ ಸುರಿಯುತ್ತೇನೆ.

ಈಗ ಆಂಫಿಪಾಡ್‌ಗಳು ರಾಶಿ ಸಿಗುತ್ತಿವೆ. ಅವುಗಳದೇ ಗುಂಪಿನ ಕಡ್ಡಿಯಂಥ ಕ್ಯಾಪ್ರೆಲಿಡ್‌ಗಳೂ ಇವೆ, ಎಷ್ಟು ಚೆಂದ! ಹಳೆಯ ಎಣಿಕೆಯ ಎದುರು ‘ಚೀಲವಿಲ್ಲದೆ ಎತ್ತಿದ್ದು’ ಎಂದು ಬರೆದಿಟ್ಟಿದ್ದೇನೆ.